ಅತ್ತೆ ಓದಿದ ಕಾದಂಬರಿ

ಭಾನುವಾರ ಬೆಳಿಗ್ಗೆ ಚಪ್ಪಲಿ ಹುಡುಕಲು ಮಂಚದ ಕೆಳಗೆ ಬಗ್ಗಿದ ಮೌನೇಶನಿಗೆ ಚಪ್ಪಲಿ ಸಿಕ್ಕಿತು, ಕಾದಂಬರಿ ಸಿಗಲಿಲ್ಲ.

ಕಾದಂಬರಿ ಎಂದರೆ ಅವನದೇ. ಕಪನೂರಿನ ಬೇಳೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದುಕೊಂಡು, ತೊಗರಿ ಧೂಳಿನ ನಡುವೆ ಸೀನುತ್ತ ಬರೆದು, ತಾನೇ ಅಚ್ಚು ಹಾಕಿಸಿದ ‘ಅತ್ತೆಮನೆಯ ಸೂರ್ಯಾಸ್ತ’. ಪ್ರತಿಗಳ ಗಂಟು ಅಚ್ಚಿನ ಮನೆಯಿಂದ ಬಂದ ಹಗ್ಗದ ಸಮೇತ ಬ್ರಹ್ಮಪುರದ ಅವನ ಮನೆಯಲ್ಲಿ ಮಂಚದ ಕೆಳಗೆ ಬಿದ್ದಿತ್ತು. ಅದರ ಒಳಹೊಕ್ಕು ನೋಡುವ ಆಸಕ್ತಿ ತೋರಿದ್ದು ಇದುವರೆಗೆ ಒಂದು ಇಲಿ ಮಾತ್ರ.

ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಮೌನೇಶ ಫೋನು ಹಚ್ಚಿದ.

“ನಾಗರತ್ನಾ, ಮಂಚದ ಬುಡಕ ನನ್ನ ಪುಸ್ತಕ ಇದ್ದುವಲ್ಲ, ಎಲ್ಲಿ ಹ್ವಾದವು?”

“ಕಮಲಾಪುರಕ್ಕ ತಂದೀನ್ರಿ. ಇವತ್ತು ಅವ್ವನ ಮನ್ಯಾಗ ಹೆಂಗಸರ ಓದು ಬಳಗ ಶುರು ಮಾಡಾಕತ್ತೀವಿ. ಹೋದ ವರ್ಷ ಅಕ್ಷರ ಕಲ್ತೋರು ಹಂಗೇ ಬಿಟ್ರ ಮರೀತಾರ ನೋಡ್ರಿ. ಎಲ್ಲಾರ ಕೈಯಾಗೂ ಒಂದೊಂದು ಪ್ರತಿ ಇರಬೇಕಂತ ಹುಡುಕಿದೆ. ಅಷ್ಟು ಪ್ರತಿ ಉಳಿದ ಪುಸ್ತಕ ನಿಮ್ಮದೊಂದೇ.”

“ನೀ ಅದನ್ನ ಓದೀಯೇನು?”

“ಇಲ್ರಿ. ಎಲ್ಲಾರ ಜೋಡಿ ಕೂತು ಓದೋಣಂತ ಬಿಟ್ಟೀನಿ. ಅವ್ವ ಆಗಲೇ ಚಾಳೀಸ ಹಾಕ್ಕೊಂಡು ಕುಂತಾಳ!”

ಮೌನೇಶ ಫೋನು ಇಟ್ಟು ಚಪ್ಪಲಿ ಮೆಟ್ಟಿದ. ಕಾದಂಬರಿಯ ಗೌರಾಬಾಯಿ ಅಳಿಯನ ತಟ್ಟೆಯ ರೊಟ್ಟಿಗಳ ಮೇಲೆ ಕಣ್ಣಿಡುತ್ತಾಳೆ. ಒಳ್ಳೆಯ ಕೆಂಪು ಬಾಳೆಹಣ್ಣನ್ನು ಗಡಿಗೆಯಲ್ಲಿ ಬಚ್ಚಿಟ್ಟು, ಕರ್ರಗಾದದ್ದನ್ನು ಅವನ ಮುಂದೆ ಇಡುತ್ತಾಳೆ. ಅವನು ಮಧ್ಯಾಹ್ನ ಕಣ್ಣು ಮುಚ್ಚಿದ ಗಳಿಗೆಗೇ ಖಾರ ಕುಟ್ಟಲು ಕೂಡುತ್ತಾಳೆ. ಅತ್ತೆ ಶಾರದಾಬಾಯಿಯನ್ನು ಎದುರಿಗೆ ಕೂರಿಸಿಕೊಂಡಂತೆ ಬಿಡಿಸಿದ ಚಿತ್ರ ಅದು. ಬರೆಯುವಾಗ ಅವನಿಗಿದ್ದ ಧೈರ್ಯವೆಲ್ಲ ಒಂದೇ: ಅತ್ತೆಗೆ ಓದಲು ಬರುವುದಿಲ್ಲ.

ಬೈಕು ಒದ್ದ. ಅದು ಮುದಿ ಎಮ್ಮೆಯಂತೆ ಒಮ್ಮೆ ಉಸಿರು ಬಿಟ್ಟು ಸುಮ್ಮನಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಬುರ್ಹಾನುದ್ದೀನ್ ಬಾಳೆಹಣ್ಣು ತರಲು ಕಮಲಾಪುರಕ್ಕೆ ಟೆಂಪೊ ಹೊರಡಿಸುತ್ತಿದ್ದ. ಮೌನೇಶ ಓಡಿ ಹೋಗಿ ಹತ್ತಿದ.

“ಕ್ಯಾ ಹುವಾ ಮೌನೇಶಣ್ಣಾ? ಮಾರಿ ಯಾಕ ಹಿಂಗ ಬಿಳೇದಾಗ್ಯಾದ?”

“ಲಗೂ ಬಿಡ್ರಿ ಭಾಯಿ. ನಮ್ಮ ಅತ್ತಿ…”

“ಅತ್ತಿಗಿ ಏನಾತು?”

ಏನೆಂದು ಹೇಳುವುದು? “ಹೇಳಾಕ ಬರಂಗಿಲ್ರಿ. ಎಲ್ಲಾ ಮುಗದಂಗೇ.”

ಬುರ್ಹಾನುದ್ದೀನನ ಮನಸ್ಸು ಬೆಣ್ಣೆ. ಮಹಾಗಾಂವದಲ್ಲಿ ಟೆಂಪೊ ನಿಲ್ಲಿಸಿ ಇಳಿದ. ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿಗಳಿಗೆಲ್ಲ ಫೋನು ಮಾಡಿ, ಕಣ್ಣೊರೆಸಿಕೊಳ್ಳುತ್ತ ದೊಡ್ಡದೊಂದು ಹೂವಿನ ಹಾರ ಹಿಡಿದು ಬಂದ. ಯಾರದೋ ಮದುವೆಗಿರಬೇಕು ಎಂದುಕೊಂಡ ಮೌನೇಶ.

ಅತ್ತೆಯ ಮನೆಯ ಮುಂದೆ ಇಳಿದಾಗಲೇ ಅವನಿಗೆ ಹಾರದ ಅರ್ಥ ಆದದ್ದು. ಓಣಿಯ ಗಂಡಸರು ತಲೆಗೆ ಟವೆಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ಎದುರು ಮನೆಯ ಸಾವಿತ್ರಿಬಾಯಿ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದಳು. “ಈ ವಯಸ್ಸಿನ್ಯಾಗ ಓದಬ್ಯಾಡ, ತಲಿಗಿ ಏರ್ತದ ಅಂತ ನಿನ್ನೇನೇ ಹೇಳಿದ್ದೆ, ಕೇಳಲಿಲ್ಲ ನಮ್ಮವ್ವ!” ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಿರ್ಚಿ ಕರಿಯುವ ಬಾಣಲೆಯಂತೆ ಚುರುಚುರು ಸದ್ದು ಬರುತ್ತಿತ್ತು; ಕಟ್ಟೆಯವರು ಅದನ್ನು ಅಳು ಎಂದುಕೊಂಡಿದ್ದರು. ಇಡೀ ಕಾದಂಬರಿಯನ್ನು ಒಂದೇ ದಿನದಲ್ಲಿ ತಿಳಿದುಕೊಳ್ಳುವ ಆತುರಕ್ಕೆ ಹೆಂಗಸರು ಒಬ್ಬೊಬ್ಬರು ಒಂದೊಂದು ಅಧ್ಯಾಯ ಹಂಚಿಕೊಂಡು, ಎಲ್ಲರೂ ಒಟ್ಟಿಗೇ ಓದುತ್ತಿದ್ದರು. ಆ ಗದ್ದಲವನ್ನು ಸೀಳಿಕೊಂಡು ಶಾರದಾಬಾಯಿಯ ಕಂಚಿನ ಕಂಠ ಕೇಳಿಸಿತು.

“ಗೌ… ರಾ… ಬಾಯಿ… ಕೊನೆ… ಯು… ಸಿ… ರೆಳೆ… ದಳು!”

“ಅಯ್ಯಯ್ಯೋ, ಹೆಣ ಮಾತಾಡಾಕತ್ತದ!” ಸಾವಿತ್ರಿಬಾಯಿ ಚೀರಿದ ರಭಸಕ್ಕೆ ಕಟ್ಟೆಯ ಮೇಲಿನವರು ಬೀದಿಗೆ ಬಂದರು.

ಬಾಗಿಲು ತೆರೆಯಿತು. ಚಾಳೀಸು ಮೂಗಿನ ತುದಿಗೆ ಜಾರಿದ್ದ ಶಾರದಾಬಾಯಿ, ಪುಟದ ನಡುವೆ ಬೆರಳಿಟ್ಟುಕೊಂಡು ಹೊರಗೆ ಬಂದಳು.

“ಯಾರು ಸತ್ತಾರ?”

“ನೀನ!” ಎಂದಳು ಸಾವಿತ್ರಿಬಾಯಿ. “ಮತ್ತ ಕೊನೆ ಉಸಿರು ಎಳದಾಕಿ ಯಾರು?”

“ಪುಸ್ತಕದಾಗಿನ ಗೌರಾಬಾಯಿ.”

“ಆಕಿ ಯಾರು? ಏನಾಗಿತ್ತು ಆಕಿಗಿ?”

ಅಳಲು ಬಂದವರು ಕತೆ ಕೇಳದೆ ಹೋಗಲು ಒಪ್ಪಲಿಲ್ಲ. ಚಾಪೆ ಹಾಸಿದರು. ಮೊದಲಿನಿಂದ ಒಬ್ಬೊಬ್ಬಳು ತನ್ನ ಅಧ್ಯಾಯ ಓದುತ್ತ ಬಂದಳು. ರೊಟ್ಟಿಯ ಮಾತಿಗೆ ಜನ ನಕ್ಕರು. ಖಾರ ಕುಟ್ಟುವಲ್ಲಿ ಬುರ್ಹಾನುದ್ದೀನ್ ತೊಡೆ ತಟ್ಟಿದ. ಮೌನೇಶ ಓಡಿಹೋಗಲು ಎರಡು ಸಲ ಎದ್ದ. ಆದರೆ ತನ್ನ ವಾಕ್ಯವನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದ. ಮುಂದಿನ ಸಾಲಿಗೂ ನಗುತ್ತಾರೋ ಇಲ್ಲವೋ ತಿಳಿಯದೆ ಹೇಗೆ ಹೋಗುವುದು? ಎರಡು ಸಲವೂ ಕೂತ.

ಬಾಳೆಹಣ್ಣಿನ ಅಧ್ಯಾಯ ಮುಗಿಯಿತು. ಶಾರದಾಬಾಯಿ ಚಾಳೀಸು ತೆಗೆದಳು.

“ಅಳಿಯಂದ್ರ, ಈ ಗೌರಾಬಾಯಿ ನಾನೇ ಹೌದಿಲ್ರಿ?”

“ಛೇ ಛೇ, ಇದು ಕಟ್ಟಿದ ಕತಿ ಅತ್ತೀ…”

“ಗಡಿಗ್ಯಾಗ ಹಣ್ಣು ಮುಚ್ಚಿಡೂದು ನನಗ, ದೇವರಿಗಿ ಬಿಟ್ರ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ.”

ನಾಗರತ್ನಾಳ ಮುಖ ಕಾದ ಹಂಚಾಗಿತ್ತು. ಶಾರದಾಬಾಯಿ ಮಾತ್ರ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರಿತ್ತು.

“ಇಷ್ಟು ವರ್ಷ ಹೆಬ್ಬೆಟ್ಟು ಒತ್ತಿದೆ. ಹೆಸರು ಬರಿಯೂದು ಕಲ್ತಾಗ ಅದೇ ದೊಡ್ಡದು ಅನಿಸಿತ್ತು. ಈಗ ನೋಡಿದ್ರ ನನ್ನ ಮ್ಯಾಲ ಒಂದು ಪುಸ್ತಕಾನೇ ಅದ! ಏ ಸಾವಿತ್ರಿ, ನಿನ್ನ ಮ್ಯಾಲ ಅದೇನು?”

ಸಾವಿತ್ರಿಬಾಯಿ ಇದಕ್ಕೆ ಅತ್ತಳು, ಈ ಸಲ ನಿಜವಾಗಿ. ಮಗ್ಗುಲಲ್ಲಿ ಕೂತಿದ್ದ ಬಳಗದವಳೊಬ್ಬಳ ಕೈ ಹಿಡಿದು ತನಗೂ ಅ ಆ ಕಲಿಸು ಎಂದಳು. ಮೌನೇಶನ ಜೀವ ಮರಳಿ ಬಂತು.

“ಆದ್ರ ಒಂದು ಮಾತು,” ಎಂದಳು ಶಾರದಾಬಾಯಿ. “ನನ್ನ ಯಾಕ ಸಾಯಿಸಿದ್ರಿ?”

“ಕತೀಗಿ ಬೇಕಾಗಿತ್ರಿ ಅತ್ತೀ.”

“ನನಗ ಬ್ಯಾಡಾಗಿತ್ತು. ಈಗರೆ ಓದಾಕ ಕಲ್ತೀನಿ, ಈಗೇ ಸಾಯ್ಲೇನು? ಎರಡನೇ ಭಾಗ ಬರದು ಎಬ್ಬಸ್ರಿ.”

ಬಳಗದವರು ಚಪ್ಪಾಳೆ ಹೊಡೆದರು. ಮೊದಲ ಸಭೆಯ ಠರಾವು ಅದೇ ಆಯಿತು.

ಅವತ್ತು ಸಂಜೆ ಬ್ರಹ್ಮಪುರದ ಮನೆಯಲ್ಲಿ ಮೌನೇಶ ಪೆನ್ನು ಹಿಡಿದು ಕೂತ. ಹಾಸಿಗೆ ಸುರುಳಿ, ಖಾರ ಕುಟ್ಟುವ ಒರಳು ಸಮೇತ ಬಂದಿಳಿದಿದ್ದ ಶಾರದಾಬಾಯಿ ಅವನ ಮಗ್ಗುಲಲ್ಲೇ ಕೂತಿದ್ದಳು. ‘ಗೌರಾಬಾಯಿ ಕಣ್ಣು ತೆರೆದಳು’ ಎಂದು ಅವನು ಬರೆದ. ಅವಳು ಅಕ್ಷರದ ಕೆಳಗೆ ಬೆರಳಾಡಿಸಿ ಓದಿ ತಲೆದೂಗಿದಳು.

“ಛಲೋ ಆತು. ಮುಂದ ಬರೀರಿ: ಗೌರಾಬಾಯಿ ಅಳಿಯನ ಮನೀಗಿ ಇರಾಕ ಬಂದಳು.”

“ಎಷ್ಟು ದಿನಕ್ಕ ಅಂತ ಬರೀಲ್ರಿ ಅತ್ತೀ?”

“ಅದನ್ನ ಈಗೇ ಹೇಳಿಬಿಟ್ರ,” ಎಂದಳು ಶಾರದಾಬಾಯಿ, “ಓದೋರಿಗಿ ಏನು ಮಜಾ ಉಳಿತದ್ರಿ?”