ಸತ್ತ ಪರದೆ ಮತ್ತು ನನ್ನ ಕಾಯಂ ಕಾಗದ

ಕೆಲವರು ಮುಟ್ಟಿದ್ದೆಲ್ಲ ಚಿನ್ನವಾಗುತ್ತದಂತೆ. ನಾನು ಮುಟ್ಟಿದ್ದು ಕಪ್ಪಾಗುತ್ತದೆ. ವಾಡಿಯ ಒಂದು ಖಾಸಗಿ ಹೈಸ್ಕೂಲಿನ ಆಫೀಸಿನಲ್ಲಿ ನಾನು ಏಳು ವರ್ಷ ಹಂಗಾಮಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಇಂಥ ಫಜೀತಿಗಳು ಆಗ ವಾರಕ್ಕೊಂದರಂತೆ ಆಗುತ್ತಲೇ ಇದ್ದವು. ಕೇಳಿದವರು ನಗುತ್ತಾರೆ. ನನಗೆ ಈಗಲೂ ಅಳು ಬರುತ್ತದೆ.

೧. ಮಾರಿ ಹೋಯಿತು

ಪೆಟ್ಟಿಗೆ ಬೇರೆ, ಪರದೆ ಬೇರೆ ಇದ್ದರೆ ಧೂಳು ಎರಡು ಕಡೆ ಕೂರುತ್ತದೆ ಎಂಬುದು ನಮ್ಮ ಹೆಡ್‌ಮಾಸ್ತರರ ಲೆಕ್ಕ. ಅದಕ್ಕೇ ಎಲ್ಲವೂ ಪರದೆಯೊಳಗೇ ಅಡಗಿರುವ ಕಂಪ್ಯೂಟರ್ ತರಿಸಿದ್ದರು. ಆದರೆ ವಾಡಿಯ ಸಿಮೆಂಟ್ ಧೂಳು ಯಾರ ಲೆಕ್ಕಕ್ಕೂ ಸಿಗುವಂಥದಲ್ಲ. ಒಂದು ಬೆಳಿಗ್ಗೆ ಪರದೆ ಕಪ್ಪಾಯಿತು. ಒಳಗೆ ಫ್ಯಾನು ಮಾತ್ರ ಗುಂಯ್ ಅನ್ನುತ್ತಿತ್ತು.

ನನ್ನನ್ನು ಕಾಯಂ ಮಾಡುವ ಆದೇಶವನ್ನು ಟೈಪು ಮಾಡಿ ಅದರಲ್ಲೇ ಇಟ್ಟಿದ್ದೆ. ಸಂಸ್ಥೆಯ ಅಧ್ಯಕ್ಷರು ಬಂದು ಸಹಿ ಹಾಕುವುದೊಂದೇ ಬಾಕಿ. ನನಗೆ ಹೆಣ್ಣು ಕೊಡಲಿದ್ದ ಸೇಡಂನ ಕನ್ಯಾದವರು, "ಕಾಯಂ ಕಾಗದ ತೋರಸ್ರಿ, ಆಮ್ಯಾಲ ಮುಂದಿನ ಮಾತು" ಅಂದಿದ್ದರು.

ಶಹಾಬಾದಿನಿಂದ ಬಂದ ರಿಪೇರಿಯವನು ಕೈಬ್ಯಾಟರಿಯ ಬೆಳಕು ಬಿಟ್ಟು ಪರದೆಯನ್ನು ಓರೆಯಾಗಿ ನೋಡಿದ. "ಒಳಗಿನ ದೀಪ ಹೋಗ್ಯಾದ್ರಿ. ಅಕ್ಷರ ಅವ, ಬ್ಯಾಟರಿ ಹಿಡಿದ್ರ ಮಬ್ಬಾಗಿ ಕಾಣ್ತಾವ. ಹಿಂದ ಒಂದು ತೂತು ಅದ ನೋಡ್ರಿ, ಅದಕ್ಕ ಬ್ಯಾರೆ ಪರದಾ ಹಚ್ರಿ, ನಡೀತದ."

ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. "ಚಿಂತಿ ಮಾಡಬ್ಯಾಡ ತಮ್ಮಾ. ಜೀವ ಅದ, ಮಾರಿ ಅಷ್ಟೇ ಹೋಗ್ಯಾದ. ಈ ಸಾಲ್ಯಾಗ ಯಾರ ಮಾರಿ ಛಂದ ಅದ ಹೇಳು?"

೨. ಕೌದಿಯೊಳಗಿನ ಕೂಸು

ರಿಪೇರಿಯವನ ಅಂಗಡಿಯಲ್ಲಿ ಹಳೆಯ ದಪ್ಪ ಪರದೆಯೊಂದು ಎರವಲು ಸಿಕ್ಕಿತು. ಕುಲುಕಾಡಿ ಒಡೆದೀತೆಂದು ಹೊದೆಯುವ ಕೌದಿ ಸುತ್ತಿ, ಎದೆಗವಚಿಕೊಂಡು ಶಹಾಬಾದಿನಲ್ಲಿ ಬಸ್ಸು ಹತ್ತಿದೆ. ಬಸ್ಸು ಕಿಕ್ಕಿರಿದಿತ್ತು. ನನ್ನ ಮುಖ ಹೇಗಿತ್ತೋ ಏನೋ, ಒಬ್ಬ ಅಜ್ಜಿ ಥಟ್ಟನೆ ಎದ್ದು ಜಾಗ ಬಿಟ್ಟಳು.

"ಕುಂದ್ರಪಾ ಕುಂದ್ರು. ಕೂಸಿಗಿ ಭಾಳ ತ್ರಾಸ ಆಗ್ಯಾದೇನು?"

ಭಾರ ಹೊತ್ತು ಸಾಕಾಗಿತ್ತು, ಕೂತುಬಿಟ್ಟೆ. ಅಜ್ಜಿ ಕೌದಿಯ ಮೇಲೆ ಕೈಯಾಡಿಸಿದಳು. ಅವಳ ಕಣ್ಣು ತುಂಬಿತು. "ಅಯ್ಯ ಶಿವನೇ, ಮೈಯೆಲ್ಲ ಕಲ್ಲಾಗಿ ತಣ್ಣಗಾಗ್ಯಾದಲ್ಲೋ!"

ಸುಳ್ಳು ಹೇಳಲಾಗಲಿಲ್ಲ. "ಕೂಸಲ್ಲಬೇ, ಕಂಪ್ಯೂಟರಿನ ಟಿವಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಹಂಗಾದ್ರ ಏಳು."

೩. ಹೋದ ಮೇಲೆ ಬಂದ ಮರ್ಯಾದೆ

ಎರಡು ಪರದೆಗಳನ್ನೂ ಒಂದೇ ಫರ್ಸಿ ಕಲ್ಲಿನ ಟೇಬಲ್ಲಿನ ಮೇಲೆ ಇಟ್ಟೆವು. ಶುಕ್ರವಾರ ನಮ್ಮ ಸಾಲೆಯ ಆಯಮ್ಮ ಸತ್ತ ಪರದೆಗೆ ಕುಂಕುಮ ಹಚ್ಚಿ, ಹೂ ಏರಿಸಿ, ಊದಿನಕಡ್ಡಿ ಬೆಳಗಿದಳು. ದುಡಿಯುತ್ತಿರುವ ಪರದೆಯತ್ತ ತಿರುಗಿಯೂ ನೋಡಲಿಲ್ಲ. "ಅದಕ್ಕ ಯಾಕ ಇಲ್ಲ?" ಎಂದೆ.

"ಅದು ಮಂದೀ ಸಾಮಾನರೀ ಸರ. ಇದು ನಮ್ಮದು."

ಹಂಗಾಮಿಯವನಾದ ನನಗೆ ಆ ಎರವಲು ಪರದೆಯ ಮೇಲೆ ಅಂದಿನಿಂದ ಅಂತಃಕರಣ ಹುಟ್ಟಿತು. ಹೆಡ್‌ಮಾಸ್ತರರಂತೂ ಕಪ್ಪು ಪರದೆಯ ಎದುರು ನಿಂತು ದಿನಾ ತಲೆ ಬಾಚಿಕೊಳ್ಳತೊಡಗಿದರು. "ಖರೇ ಹೇಳ್ತೀನಿ, ಇದು ಕೆಟ್ಟ ಮ್ಯಾಲೇ ನನಗ ಉಪಯೋಗಕ್ಕ ಬರ್ಲಿಕತ್ತದ."

೪. ಎಂಟರ್

ರಿಪೇರಿಯವನು ಎರಡು ಪರದೆಗಳನ್ನೂ ಅಕ್ಕಪಕ್ಕದ ಕೋಣೆಗಳಂತೆ ಜೋಡಿಸಿ ಹೋಗಿದ್ದ. ಮೌಸಿನ ಬಾಣ ಸ್ವಲ್ಪ ಎಡಕ್ಕೆ ಸರಿದರೆ ಸಾಕು, ಸತ್ತವರ ಕೋಣೆಗೆ ಹೋಗಿ ಮಾಯ. ಅದಕ್ಕಿಂತ ಕೆಟ್ಟದ್ದೆಂದರೆ, ಕಂಪ್ಯೂಟರ್ ಏನಾದರೂ ಕೇಳುವುದಿದ್ದರೆ ಆ ಪ್ರಶ್ನೆ ಕಪ್ಪು ಪರದೆಯಲ್ಲೇ ಮೂಡುತ್ತಿತ್ತು. ಉತ್ತರ ಸಿಗುವವರೆಗೆ ಈ ಕಡೆ ಎಲ್ಲವೂ ಸ್ತಬ್ಧ. ಕಣ್ಣಿಗೆ ಕಾಣದ ಪ್ರಶ್ನೆಗೆ ಏನು ಉತ್ತರ ಕೊಡುವುದು? ನಾನು ಎಂಟರ್ ಒತ್ತುತ್ತಿದ್ದೆ. ಕೆಲಸ ಮುಂದುವರಿಯುತ್ತಿತ್ತು. ಹೀಗೆ ಎಲ್ಲದಕ್ಕೂ ಹೂಂ ಅನ್ನುವುದು ಹಂಗಾಮಿ ನೌಕರನಿಗೆ ಹೊಸದೇನಲ್ಲ.

ಕೊನೆಗೂ ಅಧ್ಯಕ್ಷರು ಚಿತ್ತಾಪುರದಿಂದ ಬಂದರು. ವಾಡಿಯಲ್ಲಿ ರೈಲು ಹಿಡಿಯುವ ಅವಸರ. ಮಿರ್ಚಿ ಭಜಿ ತಿಂದು ಚಹಾ ಕುಡಿದು, "ಎಲ್ಲಿ ಅದಪಾ ನಿನ್ನ ಕಾಗದ? ತಾ, ಸಹಿ ಮಾಡ್ತೀನಿ" ಎಂದರು. ಏಳು ವರ್ಷ ಕಾದಿದ್ದ ಮಾತು! ಓಡಿಹೋಗಿ ಪ್ರಿಂಟ್ ಒತ್ತಿದೆ. ಧೂಳಿಗೆಂದು ಬಟ್ಟೆ ಹೊದಿಸಿದ್ದ ಪ್ರಿಂಟರ್ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಎಂಟರ್ ಒತ್ತಿದೆ. ಮತ್ತೆ ಗೊರ್. ಮತ್ತೆ ಎಂಟರ್. ಎಷ್ಟು ಸಲ ಒತ್ತಿದೆನೋ ದೇವರಿಗೇ ಗೊತ್ತು.

ಅಧ್ಯಕ್ಷರು ಗಡಿಯಾರ ನೋಡಿ ಎದ್ದರು. "ಇರ್ಲಿ ಬಿಡು, ದೀಪಾವಳಿಗಿ ಬಂದಾಗ ಮಾಡ್ತೀನಿ."

ಕಾರು ಹೋಯಿತು. ಹೆಡ್‌ಮಾಸ್ತರರ ಬ್ಯಾಟರಿ ತಂದು ಸತ್ತ ಪರದೆಯ ಮೇಲೆ ಹಿಡಿದೆ. ಮಬ್ಬಾಗಿ ಅಕ್ಷರ ಕಂಡವು. ಪ್ರಿಂಟರಿನಲ್ಲಿ ಹಾಳೆ ಇಲ್ಲ, ಹಾಳೆ ಹಾಕಿ ಎಂಟರ್ ಒತ್ತಿ ಎಂದು ಅದು ಪಾಪ ಬೇಡಿಕೊಳ್ಳುತ್ತಿತ್ತು. ಪ್ರತಿ ಸಲವೂ ನಾನು, ಹಾಕಿದೆ ಎಂದಿದ್ದೆ.

ಬಟ್ಟೆ ಸರಿಸಿದೆ. ಬೆಳಿಗ್ಗೆ ನಾನೇ ಇಟ್ಟ ಎರಡು ಹಾಳೆ ಇರಲಿಲ್ಲ. ಆಯಮ್ಮ ಭಜಿಯ ತಾಟು ತೊಳೆಯಲು ಎತ್ತಿಕೊಂಡಳು. ತಾಟಿನೊಳಗೆ ಹಾಸಿದ್ದ ಹಾಳೆಯೊಂದು, ಅಧ್ಯಕ್ಷರು ಕೈ ಒರೆಸಿ ಎಸೆದದ್ದೊಂದು.

"ದೊಡ್ಡವರು ಬಂದಾರಂತ ಬೆಳ್ಳನ ಹಾಳಿ ತಗೊಂಡೀನ್ರಿ ಸರ," ಎಂದಳು ಹೆಮ್ಮೆಯಿಂದ.

ಅಧ್ಯಕ್ಷರು ಎಣ್ಣೆಗೈ ಒರೆಸಿದ ಹಾಳೆಯನ್ನು ಹೆಡ್‌ಮಾಸ್ತರರು ಎತ್ತಿ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ತಮ್ಮಾ, ಸೇಡಂದವರಿಗಿ ಇದನ್ನೇ ತೋರ್ಸು. ಸಹಿ ಇಲ್ಲಂದ್ರೇನಾತು, ಅಧ್ಯಕ್ಷರು ಐದೂ ಬೆರಳು ಒತ್ತಿ ಹೋಗ್ಯಾರ!"