ಗಂಗಮ್ಮನಿಗೊಂದು ಮಿಸ್ಡ್ ಕಾಲ್

"ಇನ್ಮೇಲೆ ನನ್ನ ತೋಟದಲ್ಲಿ ಒಂದು ಹನಿ ನೀರು ಪೋಲಾದ್ರೆ, ಒಂದು ಯೂನಿಟ್ ಕರೆಂಟು ದಂಡವಾದ್ರೆ, ನನ್ನ ಹೆಸರು ಕರಿಸಿದ್ದಪ್ಪನೇ ಅಲ್ಲ!"

ತುಮಕೂರಿನ ತನ್ನ ಮನೆಯ ನಡುಮನೆಯಲ್ಲಿ ನಿಂತು ಕರಿಸಿದ್ದಪ್ಪ ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಇಬ್ಬರು. ಒಂದು ಕುಕ್ಕರು, ಇನ್ನೊಬ್ಬಳು ಹೆಂಡತಿ ವನಜಾ. ಕುಕ್ಕರು ಕೂಗಿ ಸುಮ್ಮನಾಯಿತು. ವನಜಾ ಸುಮ್ಮನಾಗಲಿಲ್ಲ.

"ಹಂಗಾದ್ರೆ ಹೊಸ ಹೆಸರು ಏನಿಡ್ಬೇಕು ಅಂತ ಈಗ್ಲೇ ಹೇಳಿಬಿಡ್ರಿ. ಆಮೇಲೆ ಹುಡುಕಾಡೋದು ತಪ್ಪುತ್ತೆ."

ಇಂಥ ಮಾತಿಗೆಲ್ಲ ಜಗ್ಗುವ ಆಳಲ್ಲ ಕರಿಸಿದ್ದಪ್ಪ. ಆತ ಇರುವುದು ತುಮಕೂರಿನ ಕಚೇರಿಯೊಂದರ ಕುರ್ಚಿಯಲ್ಲಿ. ಆದರೆ ಜೀವ ಇರುವುದು ಹೆಬ್ಬೂರಿನ ಗುಡ್ಡೆ ತೋಟದಲ್ಲಿ. ತೆಂಗಿನ ತೋಟ. ಅಪ್ಪನ ಕಾಲದಿಂದ ಅಲ್ಲಿ ಹಾಯಿ ನೀರು. ಕಾಲುವೆಯಲ್ಲಿ ಹರಿದ ನೀರು ಮರದ ಬುಡ ಸೇರುವಷ್ಟರಲ್ಲಿ ಅರ್ಧವನ್ನು ದಾರಿಯ ಮಣ್ಣೇ ಕುಡಿದು ಮುಗಿಸುತ್ತಿತ್ತು. ಕರಿಸಿದ್ದಪ್ಪ ಕಾಲುವೆ ಮುಚ್ಚಿಸಿ ಬುಡಬುಡಕ್ಕೂ ಡ್ರಿಪ್ ಎಳೆಸಿದ. ಕರೆಂಟು ನುಂಗುತ್ತಿದ್ದ ಹಳೇ ಪಂಪು ಎತ್ತಿಸಿ ಹೊಸದು ಬಿಡಿಸಿದ. ಕಿರೀಟವಿಟ್ಟಂತೆ, ಮೋಟಾರಿಗೊಂದು ಮೊಬೈಲ್ ಸ್ಟಾರ್ಟರ್ ಕೂರಿಸಿದ!

ಕೂರಿಸಲು ಬಂದವನು ವಿವರಿಸಿದ: "ಡಬ್ಬದೊಳಗೆ ಸಿಮ್ ಇದೆ ಸಾರ್. ನೀವು ತುಮಕೂರಲ್ಲೇ ಕೂತು ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಮೋಟಾರ್ ಆನ್. ಇನ್ನೊಂದ್ಸಲ ಕೊಡಿ, ಆಫ್. ಕೆಲಸ ಆದ್ಮೇಲೆ ಅದೇ ನಿಮಗೆ ವಾಪಸ್ ಫೋನ್ ಮಾಡುತ್ತೆ. ಎತ್ತಬೇಡಿ. ಕಟ್ ಮಾಡಿ, ಅಷ್ಟೇ." ಎಂದವನೇ ತನ್ನ ಫೋನಿನಿಂದ ಒಂದು ರಿಂಗ್ ಕೊಟ್ಟ. ಮೋಟಾರು ಗುರ್ರೆಂದಿತು. ಪೈಪುಗಳು ತೊಟ್ಟಿಕ್ಕಿದವು. ಕರಿಸಿದ್ದಪ್ಪನ ಕಣ್ಣೂ ತೊಟ್ಟಿಕ್ಕಿತು!

ನೀರೆಂದರೆ ಗಂಗಮ್ಮ ತಾಯಿ ತಾನೆ? ಸ್ಟಾರ್ಟರಿನ ನಂಬರನ್ನು ಭಕ್ತಿಯಿಂದ 'ಗಂಗಮ್ಮ ಗುಡ್ಡೆ' ಎಂದು ಫೋನಿಗೆ ಸೇರಿಸಿದ. ಕನ್ನಡಕ ಜೇಬಿನಲ್ಲೇ ಇತ್ತು. ಹಾಕಿಕೊಂಡರೆ ವಯಸ್ಸಾದಂತೆ ಕಾಣುತ್ತದೆಂದು ಆತ ಅದನ್ನು ಜೇಬಿಗೇ ಮೀಸಲಿಟ್ಟಿದ್ದ.

ಬೇಲಿಯಾಚೆ, ಗುಡ್ಡೆಯ ಕೆಳಗೆ ಕಲ್ಲಮ್ಮನ ಕಣ, ಅವಳ ಎಮ್ಮೆ. ಹೊರಡುವಾಗ ಕರಿಸಿದ್ದಪ್ಪ ಅವಳಿಗೆ ಕಟ್ಟಪ್ಪಣೆ ಮಾಡಿದ: "ಕಲ್ಲಕ್ಕಾ, ಇದು ಹೊಸ ಪದ್ಧತಿ. ಏನೇ ಕಂಡ್ರೂ ಮುಟ್ಬೇಡ. ಎಲ್ಲಾ ನಾನು ಅಲ್ಲಿಂದಲೇ ನೋಡ್ಕೋತೀನಿ!"

ಆ ಸಂಜೆ ತುಮಕೂರಿನ ಬಸ್ಸಿನಲ್ಲಿ ಕೂತೇ, ಓಡುತ್ತಿದ್ದ ಮೋಟಾರು ನಿಲ್ಲಿಸಲು ಒಂದು ರಿಂಗ್ ಕೊಟ್ಟು ಕಟ್ ಮಾಡಿದ. ಕೂಡಲೇ ವಾಪಸ್ ಫೋನ್ ಬಂತು. ತೆರೆಯ ಮೇಲೆ ಗಂಗಮ್ಮ! ಕಟ್ ಮಾಡಿ ಮೀಸೆ ತಿರುವಿದ. ಎಲ್ಲಿಯ ಹೆಬ್ಬೂರು, ಎಲ್ಲಿಯ ಬಸ್ಸು, ಎಂಥ ವಿಧೇಯತೆ!

ಈಗ ಕತೆಗೆ ಬೇಕಾದ ಇನ್ನೊಬ್ಬರ ಸಮಾಚಾರ ಕೇಳಿ. ವನಜಾಳ ತಾಯಿ ಗಂಗಾಂಬಿಕೆ, ಗುಬ್ಬಿಯವರು. ಊರವರ ಬಾಯಲ್ಲಿ ಗಂಗಮ್ಮ. ಈ ಯುಗಾದಿಗೆ ಮಗಳ ಮನೆಗೆ ಬಂದವರು ನಲ್ಲಿ ಬಿಟ್ಟುಕೊಂಡು ಹಿತ್ತಾಳೆ ತಪ್ಪಲೆ ಬೆಳಗುತ್ತಿದ್ದರು. ಆಗಲೇ ತಲೆಗೆ ನೀರುಳಿತಾಯದ ಗಾಳಿ ಹೊಕ್ಕಿದ್ದ ಕರಿಸಿದ್ದಪ್ಪ, ಬಂದ ನೆಂಟರೆದುರೇ ನಲ್ಲಿ ತಿರುಗಿಸಿ ಬಂದ್ ಮಾಡಿ, "ಅತ್ತೇ, ನೀರಿನ ಬೆಲೆ ಗೊತ್ತಿಲ್ಲದವ್ರು ಪಾತ್ರೆ ಮುಟ್ಬಾರ್ದು" ಎಂದುಬಿಟ್ಟ. ಗಂಗಾಂಬಿಕೆ ಸೆರಗಿಗೆ ಕೈ ಒರೆಸಿಕೊಂಡರು. ಎಲೆಗೆ ಬಡಿಸಿದ್ದ ಒಬ್ಬಟ್ಟು ಮುರಿಯದೆ ಗುಬ್ಬಿಯ ಬಸ್ಸು ಹತ್ತಿದರು. ಅಂದಿನಿಂದ ಮಾತಿಲ್ಲ.

"ಒಂದು ಫೋನ್ ಮಾಡಿ ತಪ್ಪಾಯ್ತು ಅನ್ರಿ. ವಯಸ್ಸಾದ ಜೀವ, ಕೊರಗ್ತದೆ" ಎಂದು ವನಜಾ ಗೋಗರೆದಳು.

"ತಪ್ಪು ನಲ್ಲಿದು. ಬೇಕಾದ್ರೆ ನಲ್ಲಿ ಮಾಡ್ಲಿ ಫೋನು!"

ಹೀಗಿರುವಾಗ ಒಂದು ದಿನ ವನಜಾ ಅರಳಿದ ಮುಖದಲ್ಲಿ ಬಂದಳು. "ರೀ, ಅಮ್ಮನ ಕೋಪ ಇಳಿದೋಗಿದೆ ಕಣ್ರೀ! ಭಾನುವಾರ ಬರ್ತಾಳಂತೆ. ಯಾಕೆ ಅಂತ ಮಾತ್ರ ನನ್ನ ಕೇಳ್ಬೇಡಿ, ಹೇಳ್ಬೇಡ ಅಂದವ್ಳೆ."

"ಕೇಳೋದೇನಿದೆ? ನಾನು ಹೇಳಿದ್ದೇ ಸರಿ ಅಂತ ಅವರಿಗೂ ಅರಿವಾಗಿದೆ" ಎಂದ ಕರಿಸಿದ್ದಪ್ಪ. ಎಂದವನು ಮೋಟಾರಿಗೆ ಸಂಜೆಯ ರಿಂಗ್ ಕೊಟ್ಟ. ವಾಪಸ್ ಬಂತು, ಕಟ್ ಮಾಡಿದ. ಬೆಳಗಿನ ಕಾಫಿಗೊಂದು ರಿಂಗು, ಸಂಜೆಯ ಕಾಫಿಗೊಂದು ರಿಂಗು. ಕಚೇರಿಯಲ್ಲಂತೂ ಆತ ಹನಿ ನೀರಾವರಿಯ ಮೇಲೆ ಕೊಡುತ್ತಿದ್ದ ಭಾಷಣ ಹಾಯಿ ನೀರಿನಂತೆ ಹರಿಯುತ್ತಿತ್ತು.

ಭಾನುವಾರ ಗಂಗಾಂಬಿಕೆ ಬಂದರು. ಡಬ್ಬದ ತುಂಬ ಒಬ್ಬಟ್ಟು. ಅಳಿಯನ ಮುಖ ನೋಡಿ ಮೆಲ್ಲಗೆ ಹೇಳಿದರು: "ಬಾಯಲ್ಲೇ ಹೇಳ್ಬೇಕು ಅಂತೇನಿಲ್ಲ ಅಳಿಯಂದ್ರೇ. ನಿಮ್ಮ ಮನಸ್ಸಲ್ಲಿದ್ದಿದ್ದು ನಂಗೆ ಬಂದು ತಲುಪ್ತು ಬುಡಿ."

ಕರಿಸಿದ್ದಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಒಬ್ಬಟ್ಟು ಮಾತ್ರ ಚೆನ್ನಾಗಿ ಅರ್ಥವಾಯಿತು. ಅದೇ ಹುರುಪಿನಲ್ಲಿ, "ಅತ್ತೇ, ನಡೀರಿ, ನೀರುಳಿತಾಯ ಅಂದ್ರೇನು ಅಂತ ತೋರಿಸ್ತೀನಿ" ಎಂದು ಅತ್ತೆ, ಹೆಂಡತಿ ಇಬ್ಬರನ್ನೂ ತೋಟಕ್ಕೆ ಹೊರಡಿಸಿದ.

ಗುಡ್ಡೆ ತೋಟಕ್ಕೆ ಕಾಲಿಟ್ಟಾಗ ಮೊದಲು ಕೇಳಿಸಿದ್ದು ಕಪ್ಪೆಗಳ ಕಚೇರಿ. ಆಮೇಲೆ ಕಂಡಿದ್ದು ಬೆಳ್ಳಕ್ಕಿಗಳ ಸಾಲು. ತೆಂಗಿನ ಗರಿಯೊಂದು ಬಿದ್ದು ದೊಡ್ಡ ಪೈಪಿನ ಜಾಯಿಂಟು ಕಿತ್ತುಹೋಗಿದೆ. ನೀರು ಆಳೆತ್ತರ ಚಿಮ್ಮಿ, ಗುಡ್ಡೆ ಇಳಿದು, ಬೇಲಿ ದಾಟಿ, ಕಲ್ಲಮ್ಮನ ಕಣವನ್ನೆಲ್ಲ ಕೆರೆ ಮಾಡಿದೆ. ಕೆರೆಯ ನಟ್ಟನಡುವೆ ಎಮ್ಮೆ ಕಣ್ಣು ಮುಚ್ಚಿ ಸ್ವರ್ಗದಲ್ಲಿದೆ. ದಡದಲ್ಲಿ ಕಲ್ಲಮ್ಮ ಕಂಬಳಿ ಒಗೆಯುತ್ತಿದ್ದಾಳೆ!

"ಏನ್ ಸಿದ್ದಪ್ಪಣ್ಣ, ಮಾರ್ಕೋನಹಳ್ಳಿ ಡ್ಯಾಮು ಅಷ್ಟು ದೂರ ಯಾಕಿರ್ಬೇಕು ಅಂತ ಇಲ್ಲೇ ಕಟ್ಟುಸ್ಬುಟ್ಯಾ? ನೀನು ಹೋದ ದಿನದಿಂದ ಕರೆಂಟು ಬಂದಾಗೆಲ್ಲ ಓಡ್ತಾನೇ ಐತೆ ಕಣಪ್ಪ!"

"ಕಲ್ಲಕ್ಕಾ! ಒಂದು ಮಾತು ಹೇಳಬಾರದಾಗಿತ್ತಾ?"

"ಹೊಸ ಪದ್ಧತಿ, ಏನೇ ಕಂಡ್ರೂ ಮುಟ್ಬ್ಯಾಡ ಅಂದೋನು ನೀನೇ ತಾನೇ? ಇದೇ ಇರ್ಬೇಕು ಪದ್ಧತಿ ಅಂದ್ಕಂಡೆ. ಎಮ್ಮೆಗಂತೂ ಬೋ ಹಿಡಿಸೈತೆ."

ಕರಿಸಿದ್ದಪ್ಪನ ಬೆವರೂ ಆ ಪೈಪಿನಂತೆಯೇ ಚಿಮ್ಮಿತು. ಆದರೂ ಎದೆ ಸೆಟೆಸಿ, "ಗಾಬರಿಯಾಗ್ಬೇಡಿ. ನೋಡ್ತಾ ಇರಿ, ಒಂದೇ ರಿಂಗು, ಮೋಟಾರ್ ಗಪ್‌ಚಿಪ್!" ಎಂದು ಫೋನ್ ಒತ್ತಿದ.

ಗಂಗಾಂಬಿಕೆಯ ಎಲೆಅಡಿಕೆ ಚೀಲದಲ್ಲಿ ವಾಲಗ ಮೊಳಗಿತು.

ಎಲ್ಲರೂ ಆ ಚೀಲ ನೋಡಿದರು. ಕರಿಸಿದ್ದಪ್ಪ ಕಟ್ ಮಾಡಿದ. ವಾಲಗ ನಿಂತಿತು. ಮೋಟಾರು ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ವಾಲಗ. ವನಜಾ ಫೋನು ಕಸಿದುಕೊಂಡು ಓದಿದಳು.

"ರೀ, ಇದು ಗಂಗಮ್ಮ ಗುಡ್ಡೆ ಅಲ್ಲ ಕಣ್ರೀ! ಗಂಗಮ್ಮ ಗುಬ್ಬಿ!"

ಗಂಗಾಂಬಿಕೆ ಕೈಯಲ್ಲಿದ್ದ ತಮ್ಮ ಫೋನನ್ನೇ ನೋಡುತ್ತ ನಿಂತರು. "ಅಂದ್ರೆ... ದಿನಾ ಬೆಳಿಗ್ಗೆ, ಸಾಯಂಕಾಲ ಬರ್ತಿದ್ದ ರಿಂಗು ನನಗಲ್ವಾ?"

ಕರಿಸಿದ್ದಪ್ಪ ಜೇಬಿನಲ್ಲಿದ್ದ ಕನ್ನಡಕ ತಡಕಿದ.

"ನಾನು ವಾಪಸ್ ಮಾಡಿದ್ರೆ ಕಟ್ ಮಾಡ್ತಿದ್ರಿ. ಪಾಪ, ತಪ್ಪಾಯ್ತು ಅನ್ನೋಕೆ ಮಾಡ್ತಾರೆ, ಮಾತಾಡೋಕೆ ನಾಚ್ಕೋತಾರೆ ಅನ್ಕೊಂಡಿದ್ದೆ. ದೇವರಿಗೆ ದೀಪ ಹಚ್ಚೋಕೂ ಮುಂಚೆ ಫೋನು ತೊಡೆ ಮೇಲಿಟ್ಕೊಂಡು ಕೂತಿರ್ತಿದ್ದೆ, ಅಳಿಯಂದ್ರು ರಿಂಗ್ ಕೊಡೋ ಹೊತ್ತು ಅಂತ."

ಒಂದು ಕೊಡ ನೀರಿಗೆ ತಾನು ಎಲ್ಲರೆದುರು ಅವಮಾನಿಸಿದ ಜೀವ ಇದು. ಎದುರಿಗೋ, ಎಮ್ಮೆ ಮುಳುಗುವಷ್ಟು ತನ್ನದೇ ಪೋಲು! ಆ ಕೆಸರು ಇನ್ನೊಂದು ಮೊಳ ಆಳವಿದ್ದಿದ್ದರೆ ಕರಿಸಿದ್ದಪ್ಪ ಅಲ್ಲೇ ಮುಳುಗಿಬಿಡುತ್ತಿದ್ದ.

ಗಂಗಾಂಬಿಕೆ ಸೀರೆ ಎತ್ತಿ ಸಿಕ್ಕಿಸಿ, ಕೆಸರಲ್ಲಿ ಪಚಪಚ ನಡೆದು, ಸ್ಟಾರ್ಟರ್ ಡಬ್ಬದ ಕೆಂಪು ಗುಂಡಿ ಒತ್ತಿದರು. ಮೋಟಾರು ನಿಂತಿತು. ಕಪ್ಪೆಗಳೂ ಬಾಯಿ ಮುಚ್ಚಿದವು. ಆ ನಿಶ್ಶಬ್ದದಲ್ಲಿ ಕರಿಸಿದ್ದಪ್ಪ ತಲೆ ತಗ್ಗಿಸಿ ಶುರು ಮಾಡಿದ.

"ಅತ್ತೇ... ತಪ್... ತಪ್... ತಪ್..."

ಕಲ್ಲಮ್ಮ ಕಂಬಳಿ ಬಿಟ್ಟು ಕಿವಿ ನೆಟ್ಟಗೆ ಮಾಡಿದಳು. "ಇನ್ನೂ ಎಲ್ಲೋ ತೊಟ್ಟಿಕ್ತಾ ಐತಲ್ಲವ್ವ?"

"ಪೈಪಲ್ಲ ಕಲ್ಲಕ್ಕಾ" ಅಂದಳು ವನಜಾ. "ನಮ್ಮನೆಯವ್ರು ತಪ್ಪಾಯ್ತು ಅಂತಾವ್ರೆ. ಡ್ರಿಪ್ಪಲ್ಲಿ ಬರ್ತಾ ಇದೆ!"

ಗಂಗಾಂಬಿಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಳುತ್ತಾರೆಂದುಕೊಂಡ ಕರಿಸಿದ್ದಪ್ಪ ಹೆದರಿ, "ತಪ್ಪಾಯ್ತು ಅತ್ತೇ! ಯುಗಾದಿ ದಿನದ್ದೂ ತಪ್ಪಾಯ್ತು, ರಿಂಗಿಂದೂ ತಪ್ಪಾಯ್ತು, ಎಲ್ಲಾ ತಪ್ಪಾಯ್ತು!" ಎಂದು ಒಂದೇ ಉಸಿರಿಗೆ ಹಾಯಿಸಿಬಿಟ್ಟ. ಅವರು ಅಳುತ್ತಿರಲಿಲ್ಲ. ನಗು ತಡೆಯಲಾರದೆ ಹಾಗೆ ಹಿಡಿದಿದ್ದರು.

ಪೈಪು ರಿಪೇರಿಯಾಯಿತು. ಕಲ್ಲಮ್ಮನ ಕಣವನ್ನು ಕರಿಸಿದ್ದಪ್ಪನೇ ಮಟ್ಟ ಮಾಡಿ ಸಗಣಿಯಲ್ಲಿ ಸಾರಿಸಿಕೊಟ್ಟ. ಮೋಟಾರಿನ ಅಧಿಕಾರ ಮಾತ್ರ ವನಜಾಳ ತೀರ್ಪಿನಂತೆ ಗುಬ್ಬಿಗೆ ವರ್ಗವಾಯಿತು. ಈಗ ಗಂಗಾಂಬಿಕೆ ಬೆಳಿಗ್ಗೆ ದೀಪ ಹಚ್ಚಿ ಒಂದು ರಿಂಗ್ ಕೊಡುತ್ತಾರೆ, ಪಾತಿಗೆ ಸಾಕಾಗುವ ಹೊತ್ತಿಗೆ ಇನ್ನೊಂದು. ಹನಿ ಪೋಲಿಲ್ಲ, ಯೂನಿಟ್ ದಂಡವಿಲ್ಲ.

ಮೊನ್ನೆ ಗುಬ್ಬಿಗೆ ಹೋದಾಗ ಕರಿಸಿದ್ದಪ್ಪ, ಈ ಸಲ ಕನ್ನಡಕ ಹಾಕಿಕೊಂಡೇ, ಅತ್ತೆಯ ಫೋನಿನಲ್ಲಿ ಮೋಟಾರಿನ ನಂಬರು ಹುಡುಕಿದ. ಗಂಗಮ್ಮ ಇಲ್ಲ. ಗುಡ್ಡೆಯೂ ಇಲ್ಲ. ಆ ನಂಬರಿನ ಮುಂದೆ 'ಅಳಿಯಂದ್ರು ಕರಿಸಿದ್ದಪ್ಪ' ಎಂದಿತ್ತು.

"ಅತ್ತೇ, ಇದು ಮೋಟಾರು. ನನ್ನ ಹೆಸರು ಯಾಕೆ ಹಾಕಿದೀರಿ?"

"ಹನಿ ಪೋಲಾದ್ರೆ ಆ ಹೆಸರೇ ಬೇಡ ಅಂದಿದ್ರಂತಲ್ಲ, ವನಜಾ ಹೇಳಿದ್ಲು. ಖಾಲಿ ಬಿದ್ದಿತ್ತು, ಇದಕ್ಕಿಟ್ಟೆ" ಅಂದರು ಗಂಗಾಂಬಿಕೆ, ಎಲೆಗೆ ಸುಣ್ಣ ಸವರುತ್ತ. "ಒಪ್ಪುತ್ತೆ ಬುಡಿ. ಒಂದು ರಿಂಗ್ ಕೊಟ್ರೆ ಕೆಲಸ ಮಾಡ್ತದೆ, ಇನ್ನೊಂದು ಕೊಟ್ರೆ ಸುಮ್ಕಾಗ್ತದೆ. ಭಾಷಣ ಮಾತ್ರ ಮಾಡಲ್ಲ!"