ಎಲ್ಲ ಹಾಡನ್ನೂ ಒಂದೇ ಓಟಕ್ಕೆ ಕಟ್ಟುವ ಸಿಂಕ್ ಗುಂಡಿಯವರಿಗೆ

ಮಾನ್ಯ ಸಿಂಕ್ ಗುಂಡಿಯವರೇ,

ಡಿಜೆ ಮಿಕ್ಸರಿನ ಮೂಲೆಯಲ್ಲಿ ನೀಲಿ ದೀಪ ಬೆಳಗಿಸಿಕೊಂಡು ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲವೆಂದು ತಿಳಿದೂ, ನಮಸ್ಕರಿಸಿ ಈ ಅಹವಾಲು ಸಲ್ಲಿಸುತ್ತಿದ್ದೇನೆ. ನಾನು ಹೊಟ್ಟೆಪಾಡಿಗೆ ಡ್ರೈವಿಂಗ್ ಶಾಲೆಯ ಮೇಷ್ಟ್ರು; ನಲವತ್ತು ದಾಟಿದ ಮೇಲೆ ಡಿಜೆ ಆಗುವ ಹುಚ್ಚು ಹಿಡಿದವನು. ಈ ಹುಚ್ಚಿಗೆ ನನ್ನ ಹೆಂಡತಿ ಬೇರೊಂದು ಹೆಸರಿಟ್ಟಿದ್ದಾಳೆ, ತಮ್ಮಂಥ ಗಣ್ಯರ ಮುಂದೆ ಅದನ್ನು ಬರೆಯುವುದು ಸಭ್ಯತೆಯಲ್ಲ.

ನನ್ನ ಗುರುಗಳು ಎದುರು ಬೀದಿಯ ಕ್ಷೌರದಂಗಡಿಯವರು, ರಜಾದಿನಗಳಲ್ಲಿ ಪಾರ್ಟಿ ಹಾಲ್‌ಗಳಲ್ಲಿ ಹಾಡು ನುಡಿಸುವವರು. ಒಂದು ಹಾಡು ಹೊರಗೆ ಓಡುತ್ತಿರುವಾಗಲೇ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಸಿಕೊಂಡು, ವೇಗ ಏರಿಳಿಸುವ ಸ್ಲೈಡರನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ, ಎರಡರ ಡ್ರಮ್ಮಿನ ಪೆಟ್ಟೂ ಒಟ್ಟಿಗೆ ಬೀಳುವಂತೆ ಮಾಡಿ, ಆಮೇಲಷ್ಟೇ ಹೊಸ ಹಾಡನ್ನು ಒಳಗೆ ಬಿಡಬೇಕೆಂದು ಅವರು ಕಲಿಸಿದರು. ನನ್ನ ಕೈಯಲ್ಲಿ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಒತ್ತಿದೊಡನೆ ಇದನ್ನೆಲ್ಲ ತಾವೇ ಮಾಡಿಬಿಡುವ ತಮ್ಮ ಬಗ್ಗೆ ಕೇಳಿದಾಗ, ಕಿವಿ ಇದ್ದವನಿಗೆ ಆ ಗುಂಡಿ ಬೇಕಿಲ್ಲ, ಕಿವಿ ಇಲ್ಲದವನನ್ನು ಅದು ಉಳಿಸುವುದಿಲ್ಲ ಎಂದು ನನ್ನ ತಲೆಯ ಮೇಲೆ ಕತ್ತರಿ ಆಡಿಸುತ್ತಲೇ ಹೇಳಿದರು. ಕತ್ತರಿ ಹಿಡಿದವರ ಜತೆ ವಾದ ಮಾಡುವುದು ಕ್ಷೇಮವಲ್ಲವೆಂದು ತಲೆಯನ್ನು ಇನ್ನಷ್ಟು ಬಗ್ಗಿಸಿಕೊಟ್ಟೆ.

ಅಭ್ಯಾಸದಲ್ಲಿ ನಾನು ಕಡಿಮೆ ಮಾಡಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಸ್ಟೇರಿಂಗ್ ಬಡಿದು ನಾಲ್ಕರವರೆಗೆ ಎಣಿಸುತ್ತಿದ್ದೆ, ಮೊದಲನೆಯ ಪೆಟ್ಟಿಗೇ ಕ್ಲಚ್ ಬಿಡಬೇಕೆಂದು ಪಾಪದ ಶಿಷ್ಯರನ್ನು ಗದರುತ್ತಿದ್ದೆ. ಹಸಿರು ದೀಪ ಎರಡನೆಯ ಪೆಟ್ಟಿಗೆ ಬಿದ್ದಾಗ ಹಿಂದಿನ ವಾಹನಗಳು ಹಾಡಿದ ಹಾಡು ಯಾವ ಪಟ್ಟಿಯಲ್ಲೂ ಇಲ್ಲ.

ಇಷ್ಟರಲ್ಲಿ ಅಮ್ಮನ ನಿವೃತ್ತಿ ಬಂತು. ಅಮ್ಮ ನರ್ಸ್, ಜೀವಮಾನವೆಲ್ಲ ವಾರ್ಡಿನಿಂದ ವಾರ್ಡಿಗೆ ಓಡಿದವಳು. ತನ್ನ ಜತೆ ಒಂದು ಸಲ ಕುಣಿಯಿರಿ ಎಂದು ಮದುವೆಯಾದಾಗಿನಿಂದ ಅಪ್ಪನನ್ನು ಕೇಳುತ್ತಾ ಬಂದಿದ್ದಳು. ಅಪ್ಪನ ಮಂಡಿಯ ಆಪರೇಷನ್ ಆದ ಮೇಲೆ, ಬುದ್ಧಿ ಬಂದಿತೋ ಭಯ ಬಂದಿತೋ, ಅವರು ಒಪ್ಪಿದರು. ಒಂದೇ ಹಾಡು, ಅದೂ ನಿಧಾನದ್ದು. ರೂಮಿನ ಬಾಗಿಲು ಹಾಕಿಕೊಂಡು, ಮಂಚದ ಕಂಬ ಹಿಡಿದು, ಆ ಹಾಡಿಗೆ ಹೆಜ್ಜೆ ಕಲಿತರು. ಅದನ್ನು ನುಡಿಸುವ ಹೊಣೆ ಮಾತ್ರ ನನ್ನದಾಗಿತ್ತು.

ಬೀಳ್ಕೊಡುಗೆಯ ಸಂಜೆ ಪಾರ್ಟಿ ಹಾಲ್‌ನಲ್ಲಿ ಅಮ್ಮನ ಸಹೋದ್ಯೋಗಿಗಳು ಚುರುಕಿನ ಹಾಡಿಗೆ ಕುಣಿಯುತ್ತಿದ್ದರು, ಅಪ್ಪ ಎದ್ದು ಕೈ ಚಾಚಿದರು, ಪೆಟ್ಟು ತಪ್ಪೀತೆಂಬ ದಿಗಿಲಿನಲ್ಲಿ ನಾನು ತಮಗೆ ಶರಣಾದೆ. ತಾವು ಎಂಥ ಕರ್ತವ್ಯನಿಷ್ಠರು! ಬಡಪಾಯಿ ನಿಧಾನದ ಹಾಡನ್ನು ಜುಟ್ಟು ಹಿಡಿದು ಚುರುಕಿನ ಹಾಡಿನ ಓಟಕ್ಕೆ ಎಳೆದಿರಿ; ಡ್ರಮ್ಮುಗಳು ಎಳ್ಳಷ್ಟೂ ತಪ್ಪದೆ ಜತೆಗೂಡಿದವು, ಹಾಡುಗಾರ ಬಸ್ಸು ಹಿಡಿಯುವವನಂತೆ ಹಾಡಿದ. ಗಾಬರಿಯಲ್ಲಿ ಮತ್ತೆ ಒತ್ತಿದರೆ ತಮ್ಮ ದೀಪ ಆರಿತೇ ಹೊರತು ವೇಗ ಇಳಿಯಲಿಲ್ಲ. ಬ್ರೇಕ್ ಹಿಡಿಯದಿದ್ದರೆ ಏನು ಮಾಡಬೇಕೆಂದು ಊರಿಗೆಲ್ಲ ಪಾಠ ಹೇಳುವ ನಾನು ವೇಗದ ಸ್ಲೈಡರನ್ನು ಹುಡುಕುವಷ್ಟರಲ್ಲಿ ಅಪ್ಪ ಎರಡು ಹೆಜ್ಜೆ ಇಟ್ಟು, ಎಡವಿ, ಅಮ್ಮನ ಭುಜ ಹಿಡಿದು ನಿಂತಿದ್ದರು.

"ನನ್ನಿಂದ ಆಗಲ್ಲ ಕಣೇ. ನೀನು ಅವರ ಜೊತೆ ಕುಣಿ," ಎಂದು ಹೋಗಿ ಕುಳಿತರು. ಅಮ್ಮ ಕುಣಿಯಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಕೇಳದಿದ್ದರೂ ಅಪ್ಪನಿಗೆ ನೀರು ಕೊಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಾವು ಹೇಳಬಹುದು. ಒಪ್ಪಿದೆ. ಆದರೆ ಮುಂದೆ ಓಡುವವನ ವೇಗವೇ ನ್ಯಾಯ, ಹಿಂದಿನಿಂದ ಬರುವವನ ಮಂಡಿ ಅವನ ಹಣೆಬರಹ ಎಂಬ ತಮ್ಮ ತತ್ವಕ್ಕೆ ಮಿಕ್ಸರ್ ತೀರಾ ಸಣ್ಣ ಜಾಗ. ಅಮ್ಮನ ಆಸ್ಪತ್ರೆಯ ಮೇಲಧಿಕಾರಿಗಳು ತಮ್ಮಂಥವರಿಲ್ಲದೆ ಪಾಪ ಬಾಯಲ್ಲೇ ಕೂಗಿ ಕೂಗಿ ನರ್ಸುಗಳನ್ನೆಲ್ಲ ಒಂದೇ ವೇಗಕ್ಕೆ ಓಡಿಸಬೇಕಾಗಿತ್ತು. ತಾವು ಕೂಡಲೇ ಅಲ್ಲಿಗೆ ವರ್ಗವಾಗಿ ಹೋಗಬೇಕೆಂದು ಪ್ರಾರ್ಥನೆ. ಹೋಗುವ ಮುನ್ನ ಆ ಸಂಜೆಯನ್ನು ಹಿಂದಕ್ಕೆ ತಿರುಗಿಸಿ, ಹಾಲ್‌ನಲ್ಲಿದ್ದ ಅಷ್ಟೂ ಜನರನ್ನು ಅಪ್ಪನ ಮಂಡಿಯ ವೇಗಕ್ಕೆ ಒಮ್ಮೆ ಸಿಂಕ್ ಮಾಡಿಕೊಡಬೇಕು. ಅದು ತಮ್ಮ ಕೈಲಾಗದಿದ್ದರೆ ದೀಪವನ್ನಾದರೂ ಸ್ವಲ್ಪ ನಾಚಿಕೆಯಿಂದ ಉರಿಸಬೇಕು.

ತಮ್ಮ ವೇಗಕ್ಕೆ ಎಂದೂ ನಿಲುಕದ,
ಆದರೂ ತಮ್ಮ ವಿಶ್ವಾಸಿ,
ಡ್ರೈವಿಂಗ್ ಮೇಷ್ಟ್ರು

ವಿ.ಸೂ.: ನಿನ್ನೆ ಅಡುಗೆಮನೆಯಲ್ಲಿ ಅಪ್ಪ ಅಮ್ಮ ಕುಣಿಯುತ್ತಿದ್ದರು. ಹಾಡು ಹಾಕಿರಲಿಲ್ಲ, ಅಪ್ಪನೇ ಗುನುಗುತ್ತಿದ್ದರು, ಅವರ ಗುನುಗಿಗೂ ಹೆಜ್ಜೆಗೂ ಸಂಬಂಧವಿರಲಿಲ್ಲ, ಅಮ್ಮನ ಹೆಜ್ಜೆಗೆ ಅವೆರಡರ ಗೊಡವೆಯೂ ಇರಲಿಲ್ಲ. ತಾಳ ಹಾಕಿಕೊಡೋಣವೆಂದು ನಾನು ಒಳಗೆ ಕಾಲಿಟ್ಟೆ. ಅಮ್ಮ ತಿರುಗಿಯೂ ನೋಡದೆ, "ನೀನೇನೂ ಮುಟ್ಟಬೇಡ, ಆಚೆ ಹೋಗು" ಎಂದಳು. ಈ ಆದೇಶ ತಮಗೂ ಅನ್ವಯಿಸುತ್ತದೆಂದು ತಿಳಿಸಲು ಹರ್ಷಿಸುತ್ತೇನೆ.